‘ಅಕ್ಕ’ ಎನ್ನುವುದು ನಿಂತ ಮೇಲೆ: ನಾಲ್ವರು ಗೆಳತಿಯರ ಚಿತ್ರಕಾದಂಬರಿಯ 63ನೇ ಪುಟಕ್ಕೆ ಸಲಹೆ ಬೇಕು

ಮಹಿಳಾ ಬೋಗಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಒಂದು ಚಿತ್ರಕಾದಂಬರಿಯ ಕೆಲಸದಲ್ಲಿದ್ದೇನೆ. 140 ಪುಟಗಳ ಅಂದಾಜು, 62 ಮುಗಿದಿವೆ. ಅವುಗಳಲ್ಲಿ ಎರಡನ್ನು ಮಾದರಿಗೆಂದು ಇಲ್ಲಿ ಹಾಕಿದ್ದೇನೆ. ಒಂದೂವರೆ ತಿಂಗಳಿಂದ 63ನೇ ಪುಟದ ಖಾಲಿ ಹಾಳೆಯ ಮುಂದೆ ಕುಳಿತಿದ್ದೇನೆ.

ಕತೆ ಇಷ್ಟು. ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವ ನಾಲ್ವರು ಹೆಂಗಸರು. ನಾಲ್ವರೂ ಹೆಣ್ಣನ್ನು ಪ್ರೀತಿಸುವವರು. ಮಹಿಳಾ ಬೋಗಿಯಲ್ಲಿ ಒಬ್ಬರನ್ನೊಬ್ಬರು ಗುರುತಿಸಿಕೊಂಡು ಗೆಳತಿಯರಾದವರು. ಸುಜಾತಾ ಹಿರಿಯಳು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾಳೆ. ಮಿಕ್ಕ ಮೂವರಿಗೂ ಅವಳು ಅಕ್ಕ. ನಗ್ಮಾ ನರ್ಸ್. ಪವಿತ್ರಾ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಗಿರಿಜಾ ಕ್ಯಾತಸಂದ್ರದಲ್ಲಿ ಹತ್ತುತ್ತಾಳೆ, ಕೈಯಲ್ಲಿ ತಟ್ಟೆ ಇಡ್ಲಿಯ ಪೊಟ್ಟಣ ಇಲ್ಲದ ದಿನವಿಲ್ಲ. ನಗ್ಮಾ ಮತ್ತು ಪವಿತ್ರಾ ಎರಡು ವರ್ಷ ಪ್ರೀತಿಸಿ ಬೇರೆಯಾಗುತ್ತಾರೆ. 62ನೇ ಪುಟದಲ್ಲಿ, ಅಮಾನಿಕೆರೆಯ ಏರಿಯ ಮೇಲೆ, ಸಂಜೆ ಹೊತ್ತಿನಲ್ಲಿ ಅದು ಮುಗಿಯುತ್ತದೆ. ಮುಂದೆ ಪವಿತ್ರಾಳ ಮನಸ್ಸು ಮೆಲ್ಲಗೆ ಸುಜಾತಾಳ ಕಡೆ ವಾಲುತ್ತದೆ.

63ನೇ ಪುಟ ಮರುದಿನ ಬೆಳಿಗ್ಗೆ. ಅದೇ ರೈಲು, ಅದೇ ಬೋಗಿ, ಅದೇ ಎದುರುಬದುರಿನ ಸೀಟು. ದೊಡ್ಡ ಊರಿನಲ್ಲಿ ಪ್ರೀತಿ ಮುರಿದವರು ಇನ್ನೊಂದು ಬಳಗ ಹುಡುಕಿಕೊಳ್ಳಬಹುದು. ಇವರಿಗೆ ಇನ್ನೊಂದು ಬಳಗವೇ ಇಲ್ಲ. ನಿನ್ನೆಯವರೆಗೆ ಪ್ರಾಣದಂತಿದ್ದವಳನ್ನು ಇವತ್ತಿನಿಂದ ಬರಿಯ ಗೆಳತಿಯಾಗಿ ನೋಡಬೇಕು, ಅದೂ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು. ನನ್ನ ಪುಸ್ತಕ ಇರುವುದೇ ಇದರ ಬಗ್ಗೆ. ಪ್ರೇಮ ಹುಟ್ಟುವ ಕತೆಗಳು ಎಷ್ಟೋ ಇವೆ. ಪ್ರೇಮ ಹೋದ ಮೇಲೆ ಸ್ನೇಹವನ್ನು ಕಟ್ಟಿಕೊಳ್ಳುವ ಕತೆ ನನಗೆ ಸಿಗಲಿಲ್ಲ, ಆದ್ದರಿಂದ ಬಿಡಿಸುತ್ತಿದ್ದೇನೆ.

ಕರಡು ಓದಿದ ಒಬ್ಬರು, ಸುಜಾತಾಳ ಪ್ರಸಂಗ ತೆಗೆದುಹಾಕಿ, ಇವರೆಲ್ಲ ತಮ್ಮತಮ್ಮೊಳಗೇ ಸುತ್ತುತ್ತಾರೆ ಎಂದು ಜನ ಹೀಗಳೆಯುತ್ತಾರೆ ಎಂದರು. ಇನ್ನೊಬ್ಬರು, ಗೆಳತಿಯರ ಗುಂಪು ಬೇಡ, ಇಬ್ಬರ ಪ್ರೇಮಕತೆ ಸಾಕು ಎಂದರು. ಎರಡನ್ನೂ ಒಪ್ಪಲು ಮನಸ್ಸು ಬರುತ್ತಿಲ್ಲ.

ನನಗೆ ನಿಮ್ಮಿಂದ ಬೇಕಾದದ್ದು ಎರಡು. ಒಂದು, ಗೆಳತಿಯ ಸ್ಪರ್ಶವನ್ನೂ ಪ್ರೇಯಸಿಯ ಸ್ಪರ್ಶವನ್ನೂ ಚಿತ್ರದಲ್ಲಿ ಹೇಗೆ ಬೇರೆ ಮಾಡುವುದು? ಇನ್ನೊಂದು, ಈ ನಾಲ್ವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳಬೇಕು? ಪತ್ರಿಕೆಗಳು ಬಳಸುವ ‘ಸಲಿಂಗಕಾಮಿ’ ಎಂಬ ಪದದಲ್ಲಿ ಕಾಮವೊಂದೇ ಮುಂದೆ ನಿಲ್ಲುತ್ತದೆ. ‘ಲೆಸ್ಬಿಯನ್’ ಎಂಬುದು ನಗ್ಮಾಳ ಬಾಯಲ್ಲಿ ಸಹಜ, ಗಿರಿಜಾಳ ಬಾಯಲ್ಲಿ ಅಲ್ಲ.

ಗೂಡಿನ ಸಂತೆ, ಶಿಡ್ಲಘಟ್ಟ

ನಿಮ್ಮ ಮೊದಲ ಪ್ರಶ್ನೆ ನನ್ನನ್ನು ರಾತ್ರಿಯೆಲ್ಲ ಎಚ್ಚರವಾಗಿರಿಸಿತು.

ನಮ್ಮ ಕಡೆ ಇಬ್ಬರು ಹುಡುಗಿಯರು ಕೈಕೈ ಹಿಡಿದುಕೊಂಡು ಪೇಟೆಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಒಬ್ಬಳು ಇನ್ನೊಬ್ಬಳಿಗೆ ಜಡೆ ಹೆಣೆಯುತ್ತಾಳೆ, ಮದುವೆ ಮನೆಯಲ್ಲಿ ಒಂದೇ ಜಮಖಾನದ ಮೇಲೆ ತಬ್ಬಿ ಮಲಗುತ್ತಾರೆ, ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಹೊರದೇಶದ ಕಾಮಿಕ್ಸ್‌ನಲ್ಲಿ ಇಬ್ಬರು ಹೆಂಗಸರು ಕೈ ಹಿಡಿದರೆ ಓದುಗರಿಗೆ ಅರ್ಥವಾಗಿಬಿಡುತ್ತದೆ. ನಮ್ಮಲ್ಲಿ ಕೈ ಹಿಡಿಯುವುದಕ್ಕೆ ಏನೂ ಅರ್ಥವಿಲ್ಲ, ಎಲ್ಲ ಅರ್ಥವೂ ಇದೆ.

ನನ್ನ ತಾಯಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಬಿಸಿ ನೀರಿನಲ್ಲಿ ಗೂಡು ಆಡಿಸಿ ಆಡಿಸಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗುತ್ತವೆ, ಹುಳುವಿನ ವಾಸನೆ ಚರ್ಮಕ್ಕೆ ಇಳಿದುಬಿಡುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಸಂಜೆ ನನ್ನ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಒಂದೊಂದೇ ಬೆರಳು. ಹತ್ತಾರು ಹೆಂಗಸರ ಮುಂದೆಯೇ. ಯಾರೂ ಏನೂ ಹೇಳಲಿಲ್ಲ, ಹೇಳುವಂಥದ್ದು ಯಾರಿಗೂ ಕಾಣಿಸಲಿಲ್ಲ. ಅವಳನ್ನು ಚಿಂತಾಮಣಿ ಕಡೆಗೆ ಮದುವೆ ಮಾಡಿಕೊಟ್ಟರು. ಅದು ಸ್ನೇಹವೋ ಪ್ರೇಮವೋ ಎಂದು ಹದಿನಾರು ವರ್ಷಗಳಾದರೂ ನನಗೆ ತೀರ್ಮಾನಿಸಲು ಆಗಿಲ್ಲ. ಎಣ್ಣೆ ಮುಗಿದ ಮೇಲೂ ಅವಳು ಕೈ ಬಿಡುತ್ತಿರಲಿಲ್ಲ ಎಂಬುದಷ್ಟೇ ನೆನಪಿದೆ.

ಹಾಗಾಗಿ ಸ್ಪರ್ಶವನ್ನು ಬೇರೆ ಮಾಡಬೇಡಿ, ಒಂದೇ ತೆರನಾಗಿ ಬಿಡಿಸಿ. ಮುಂದಿನ ಚೌಕದಲ್ಲಿ ಯಾರು ಮೊದಲು ಕೈ ಬಿಟ್ಟರು ಎಂದು ತೋರಿಸಿ. ಚಿತ್ರಕಾದಂಬರಿಗೆ ಎರಡು ಚೌಕಗಳ ನಡುವೆ ಖಾಲಿ ಜಾಗವಿದೆಯಲ್ಲ, ನನ್ನ ಮತ್ತು ಅವಳ ಕತೆಯೆಲ್ಲ ಆ ಖಾಲಿ ಜಾಗದಲ್ಲೇ ನಡೆದಿತ್ತು.

ಚಪ್ಪಟೆ ಬ್ರಷ್, ಚಿಕ್ಕಬಳ್ಳಾಪುರ

ನಾನು ಅಂಗಡಿ ಬೋರ್ಡುಗಳನ್ನು ಬರೆದು ಬದುಕಿದವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು, ಅಕ್ಷರದ ಮೇಲಿನ ಮೋಹ ಹೋಗಲಿಲ್ಲ. ಕತೆಯ ವಿಷಯದಲ್ಲಿ ನನಗಿಂತ ಬಲ್ಲವರು ಹೇಳಲಿ. ನೀವು ಹಾಕಿರುವ ಎರಡು ಮಾದರಿ ಪುಟ ನೋಡಿದೆ, ಅಕ್ಷರದ ಬಗ್ಗೆ ನಾಲ್ಕು ಮಾತು.

ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಬಹುಪಾಲು ದೊಡ್ಡಕ್ಷರಗಳನ್ನೇ ಬರೆಯುತ್ತಾರೆ. ಎಲ್ಲ ಅಕ್ಷರಗಳೂ ಒಂದೇ ಎತ್ತರ, ಸಾಲಿನ ಮೇಲೆ ಸಾಲು ಒತ್ತಾಗಿ ಕೂರುತ್ತದೆ. ಮಾತು ಬರೆಯುವ ಬಲೂನನ್ನು ಅದೇ ಅಳತೆಯಲ್ಲಿ ಕನ್ನಡಕ್ಕೆ ತಂದರೆ ಉಸಿರು ಕಟ್ಟುತ್ತದೆ. ನಮ್ಮ ಸಾಲಿನ ಕೆಳಗೆ ಒತ್ತಕ್ಷರ ಇಳಿಯುತ್ತದೆ, ಮೇಲೆ ಗುಡಿಸು ಏಳುತ್ತದೆ. ‘ನಗ್ಮಾ’ ಎಂಬ ಹೆಸರಿನಲ್ಲೇ ಮ ಒತ್ತು ಕೆಳಗಿನ ಸಾಲಿನ ‘ಕೀ’ಯ ನೆತ್ತಿಗೆ ತಾಗಿದೆ, ನಿಮ್ಮ 41ನೇ ಪುಟ ನೋಡಿಕೊಳ್ಳಿ. ಸಾಲಿನ ನಡುವೆ ಒಂದು ಅಕ್ಷರದ ಎತ್ತರದಷ್ಟಾದರೂ ಬಯಲು ಬಿಡಿ. ನಮ್ಮಲ್ಲಿ ವಿಭಕ್ತಿ, ಕ್ರಿಯಾಪದ ಎಲ್ಲ ಸೇರಿ ಪದ ಉದ್ದವಾಗುತ್ತದೆ. ‘ಹೇಳಬೇಕಾಗಿತ್ತಲ್ಲವೇ’ ಎಂಬುದು ಒಂದೇ ಪದ. ದುಂಡನೆಯ ಬಲೂನಿಗೆ ಅದು ಹಿಡಿಯುವುದಿಲ್ಲ, ಅಡ್ಡಕ್ಕೆ ಅಗಲವಾದ ಬಲೂನು ಬೇಕು, ಇಲ್ಲವೇ ಮಾತು ಚಿಕ್ಕದಾಗಬೇಕು. ಕೂಗಿಗೆ ನಮಗೆ ದೊಡ್ಡಕ್ಷರವಿಲ್ಲ, ಗೆರೆ ದಪ್ಪ ಮಾಡಬೇಕು. ಪಿಸುಮಾತಿಗೆ ತಲೆಕಟ್ಟನ್ನು ತೆಳ್ಳಗೆ ಎಳೆಯಿರಿ, ಕಣ್ಣು ತಾನಾಗಿ ದನಿ ತಗ್ಗಿಸುತ್ತದೆ.

ಇನ್ನೊಂದು, ಇದು ಮುಖ್ಯ. ಪವಿತ್ರಾ ಸುಜಾತಾಳನ್ನು ಇಲ್ಲಿಯವರೆಗೆ ‘ಅಕ್ಕ, ನೀವು’ ಎನ್ನುತ್ತಾಳೆ. ಮುಂದೆ ಎಲ್ಲೋ ಒಂದು ಕಡೆ ‘ನೀನು’ ಎನ್ನಲೇಬೇಕಲ್ಲ? ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಘಟನೆ ಬೇರೆ ಇಲ್ಲ. ಆದರೆ ‘ನೀವು’, ‘ನೀನು’ ಎರಡರಲ್ಲೂ ಮೊದಲ ಅಕ್ಷರ ಒಂದೇ, ಕೊನೆಗೆ ಎರಡಕ್ಕೂ ಕೊಂಬು. ಒಂದು ವಕಾರ ನಕಾರವಾದರೆ ಅವಸರದ ಓದುಗನಿಗೆ ಗೊತ್ತೇ ಆಗುವುದಿಲ್ಲ. ಆ ‘ನೀನು’ವಿಗೆ ಒಂದು ಇಡೀ ಬಲೂನು ಕೊಡಿ, ಪಕ್ಕದಲ್ಲಿ ಬೇರೆ ಮಾತು ಬೇಡ.

ಎರಡು ಭಾಷೆಯ ಮನೆ, ಕೋಲಾರ

ನಾನು ನಿವೃತ್ತಿಗೆ ಹತ್ತಿರವಿರುವ ಶಿಕ್ಷಕಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಪ್ಪತ್ತೆರಡು ವರ್ಷಗಳಿಂದ ನನ್ನ ಗೆಳತಿಯ ಜೊತೆ ಒಂದೇ ಮನೆಯಲ್ಲಿದ್ದೇನೆ. ಅವಳೂ ಶಿಕ್ಷಕಿ. ಬೀದಿಯಲ್ಲಿ ನಮ್ಮದು ‘ಟೀಚರಮ್ಮಂದಿರ ಮನೆ’.

ಮೇಲೆ ಹೇಳಿದವರ ಮಾತು ನಿಜ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನಗಿಂತ ಐದು ವರ್ಷ ದೊಡ್ಡವಳು. ಅಂತರಗಂಗೆಯ ಮೆಟ್ಟಿಲು ಇಳಿಯುವಾಗ ಒಂದು ದಿನ ಹೆಸರು ಹಿಡಿದು ಕರೆದೆ. ಅವಳು ನಿಂತಳು. ತಿರುಗಿ ನೋಡಲಿಲ್ಲ. ಮತ್ತೆ ಮೆಟ್ಟಿಲು ಇಳಿದಳು. ಇಷ್ಟೇ ನಡೆದದ್ದು. ಇವತ್ತಿಗೂ ಬೇರೆಯವರ ಮುಂದೆ ಅಕ್ಕ ಎಂದೇ ಕರೆಯುತ್ತೇನೆ, ಬಾಗಿಲು ಹಾಕಿದ ಮೇಲೆ ಹೆಸರು. ನಿಮ್ಮ ಸುಜಾತಾ ಮತ್ತು ಪವಿತ್ರಾ ಕೂಡ ಹಾಗೆಯೇ ಇಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೇನೆ. ಬೋಗಿಯಲ್ಲಿ ‘ಅಕ್ಕ, ನೀವು’, ಅವರಿಬ್ಬರೇ ಇರುವಾಗ ‘ನೀನು’.

ಒಂದು ಬೇಡಿಕೆ. ಊರಿನವರನ್ನು ಮೂಢರಂತೆ ಬಿಡಿಸಬೇಡಿ. ನಮ್ಮ ಬೀದಿಗೆ ನಮ್ಮ ವಿಷಯ ತಿಳಿದಿಲ್ಲ ಎಂದು ನಾನು ನಂಬುವುದಿಲ್ಲ. ಕೇಳದೆ ಇದ್ದಾರೆ. ಹಬ್ಬಕ್ಕೆ ಒಬ್ಬಟ್ಟು ಕಳಿಸುವಾಗ ಇಬ್ಬರಿಗೂ ಎಣಿಸಿ ಕಳಿಸುತ್ತಾರೆ. ಆ ಮೌನದಲ್ಲಿ ಕರುಣೆಯೂ ಇದೆ. ಅದಕ್ಕೆ ಬೆಲೆಯೂ ಇದೆ. ಕೆಲವು ವರ್ಷಗಳ ಹಿಂದೆ ಅವಳಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯ ನಮೂನೆಯಲ್ಲಿ ‘ಸಂಬಂಧ’ ಎಂಬ ಕಡೆ ನಾನು ‘ತಂಗಿ’ ಎಂದು ಬರೆದೆ. ಸಹಿ ಮಾಡುವಾಗ ಕೈ ನಡುಗಿತು. ಸುಳ್ಳು ಬರೆದೆನೆಂದಲ್ಲ. ಅವಳ ಸ್ವಂತ ಅಣ್ಣ ಬಂದು ‘ಇವಳು ಯಾರು?’ ಎಂದಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ.

ಸುಜಾತಾಳ ಪ್ರಸಂಗ ತೆಗೆಯಬೇಡಿ. ಗೆಳತಿಯರೊಳಗೇ ಪ್ರೀತಿ ಸುತ್ತುತ್ತದೆ ಎಂದರೆ ಅದು ಚಾಂಚಲ್ಯವಲ್ಲ. ನಮ್ಮನ್ನು ಬಲ್ಲವರು ಅಷ್ಟೇ ಜನ ಇರುತ್ತಾರೆ.

ಕೊಬ್ಬರಿ ಸಂತೆ, ತಿಪಟೂರು

ನಾನು ಒಪ್ಪದವಳು, ಆದರೂ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳು ಕಳೆದ ವರ್ಷ ನನಗೆ ಹೇಳಿದಳು. ನಾನು ಅತ್ತೆ, ಬೈದೆ, ದೇವಸ್ಥಾನಕ್ಕೆ ಕರೆದುಕೊಂಡು ಹೋದೆ, ಆಮೇಲೆ ವೈದ್ಯರ ಬಳಿ ಕರೆದುಕೊಂಡು ಹೋದೆ. ಆ ವೈದ್ಯರು ಒಳ್ಳೆಯವರು. ‘ಇದು ಕಾಯಿಲೆಯಲ್ಲ ಅಮ್ಮ, ಔಷಧಿ ಬೇಕಾಗಿರುವುದು ನಿಮ್ಮ ನಿದ್ದೆಗೆ’ ಎಂದರು. ಈಗ ಮನೆಯಲ್ಲಿ ಮಾತುಕತೆ ಇದೆ. ಇಷ್ಟು ದೂರ ಬಂದಿದ್ದೇನೆ.

ಆದರೆ ಪುಸ್ತಕ ಯಾಕೆ? ಅದೂ ಚಿತ್ರದ ಪುಸ್ತಕ? ಬರಹದಲ್ಲಾದರೆ ಹೆಸರು ಬದಲಾಯಿಸಿದರೆ ಮುಗಿಯಿತು. ಚಿತ್ರದಲ್ಲಿ ಮುಖ ಇರುತ್ತದೆ, ಟೌನ್ ಹಾಲ್ ವೃತ್ತ ಇರುತ್ತದೆ, ರೈಲಿನ ಕಿಟಕಿ ಇರುತ್ತದೆ. ನಾಳೆ ನನ್ನ ಮಗಳು ಗೆಳತಿಯ ಜೊತೆ ಅದೇ ಬೋಗಿ ಹತ್ತಿದರೆ ಎದುರು ಕುಳಿತವರು ಆ ಪುಸ್ತಕವನ್ನು ನೆನೆಯುತ್ತಾರೆ. ಈಗ ಇಬ್ಬರು ಹುಡುಗಿಯರು ಕೈ ಹಿಡಿದರೆ ಯಾರೂ ನೋಡುವುದಿಲ್ಲ ಎಂದು ಶಿಡ್ಲಘಟ್ಟದವರೇ ಬರೆದಿದ್ದಾರೆ. ನಿಮ್ಮ ಪುಸ್ತಕ ಬಂದ ಮೇಲೆ ನೋಡುತ್ತಾರೆ. ಆ ನೆರಳನ್ನು ನೀವು ಕಿತ್ತುಕೊಳ್ಳುತ್ತಿದ್ದೀರಿ ಎಂದು ನನಗೆ ಭಯ.

ಇನ್ನೊಂದು. ನಾಲ್ವರು ಹೆಣ್ಣುಮಕ್ಕಳ ಕತೆ ಹೇಳಿದಿರಿ. ಈ ನಾಲ್ವರ ತಾಯಂದಿರು ನಿಮ್ಮ 62 ಪುಟಗಳಲ್ಲಿ ಎಲ್ಲಿದ್ದಾರೆ?

ಕರಿ ಕೋಟು, ಮಧುಗಿರಿ

ತಿಪಟೂರಿನ ಅಮ್ಮನವರ ಭಯ ಸುಳ್ಳಲ್ಲ. ಅವರ ವೈದ್ಯರು ಹೇಳಿದ್ದೂ ಸರಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ‘ಸರಿಪಡಿಸುತ್ತೇನೆ’ ಎಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ.

ಚಿತ್ರಗಾರ್ತಿಗೆ ನನ್ನ ಪ್ರಶ್ನೆ: ಕತೆ ಯಾವ ವರ್ಷದಲ್ಲಿ ನಡೆಯುತ್ತದೆ? ಎರಡು ಪುಟಗಳಲ್ಲಿ ಎಲ್ಲೂ ತಿಳಿಯಲಿಲ್ಲ. ಅದನ್ನು ನಿರ್ಧರಿಸದೆ ನಗ್ಮಾಳಿಗೆ ಯಾವುದರ ಹೆದರಿಕೆ ಎಂದು ಬಿಡಿಸಲಾಗುವುದಿಲ್ಲ. ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 377ನೇ ಸೆಕ್ಷನ್ನಿನ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕಿಂತ ಮುಂಚಿನ ಕತೆಯಾದರೆ ‘ಇದು ಅಪರಾಧ’ ಎಂಬ ಮಾತು ಯಾರ ಬಾಯಲ್ಲಾದರೂ ಬರಬಹುದು. ಈಗಿನ ಕತೆಯಾದರೆ ಬರಕೂಡದು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಹಾಗಾಗಿ ಈಗಿನ ಹೆದರಿಕೆ ಜೈಲಿನದ್ದಲ್ಲ. ಕೋಲಾರದ ಟೀಚರ್ ಬರೆದರಲ್ಲ, ಆ ‘ಸಂಬಂಧ’ ಎಂಬ ಖಾಲಿ ಗೆರೆಯದ್ದು.

ಟೀಚರ್ ಅವರೇ, ನಿಮಗೂ ಒಂದು ಮಾತು. ಜೊತೆಯಾಗಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಿಕೊಳ್ಳಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಮನೆ ಯಾರ ಹೆಸರಿನಲ್ಲಿದೆಯೋ ಅವರು ಉಯಿಲು ಬರೆದು ನೋಂದಣಿ ಮಾಡಿಸಿ. ತಡಮಾಡಬೇಡಿ.

ಮುಂದೆ ಯಾರಾದರೂ ಮನೆ ಬಿಟ್ಟು ಹೋಗುವ ಪ್ರಸಂಗ ಇಟ್ಟಿದ್ದರೆ ಇದನ್ನೂ ಗಮನಿಸಿ. ವಯಸ್ಕ ಮಗಳು ಸಂಗಾತಿಯ ಜೊತೆ ಹೋದಾಗ ಅವಳನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಬಂದರೆ ನ್ಯಾಯಾಲಯಗಳು ಹೇಗೆ ನಡೆದುಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅವಳೊಡನೆ ಖಾಸಗಿಯಾಗಿ ಮಾತನಾಡಬೇಕು, ಆಪ್ತ ಸಮಾಲೋಚನೆಯ ಹೆಸರಿನಲ್ಲಿ ಅವಳ ಮನಸ್ಸು ತಿರುಗಿಸಲು ನೋಡಬಾರದು.

ಹಳೆ ಚಂದಮಾಮ, ಗುಬ್ಬಿ

ಗೆಳತಿಯರ ಗುಂಪು ಬೇಡ ಎಂದವರಿಗೆ ಉತ್ತರ ಕೊಡಬೇಕೆನಿಸಿತು. ಅಮೆರಿಕದ ಆಲಿಸನ್ ಬೆಕ್ಡೆಲ್ 1983ರಿಂದ 2008ರವರೆಗೆ ಒಂದು ಕಾಮಿಕ್ ಸ್ಟ್ರಿಪ್ ನಡೆಸಿದರು. ಅದರ ಜೀವಾಳವೇ ಒಂದು ಊರಿನ ಲೆಸ್ಬಿಯನ್ ಗೆಳತಿಯರ ಬಳಗ. ಒಂದಾಗುತ್ತಾರೆ, ಬೇರೆಯಾಗುತ್ತಾರೆ, ಬಾಡಿಗೆ ಮನೆ ಹಂಚಿಕೊಳ್ಳುತ್ತಾರೆ, ರಾಜಕೀಯಕ್ಕೆ ಜಗಳವಾಡುತ್ತಾರೆ, ಓದುಗರ ಜೊತೆಜೊತೆಗೇ ವಯಸ್ಸಾಗುತ್ತಾರೆ. ಇಬ್ಬರ ಪ್ರೇಮಕತೆಯಾಗಿದ್ದರೆ ಕಾಲು ಶತಮಾನ ನಿಲ್ಲುತ್ತಿರಲಿಲ್ಲ. ಸಿನಿಮಾದಲ್ಲಿ ಇಬ್ಬರು ಹೆಂಗಸರಾದರೂ ಇರಬೇಕು, ಅವರು ಪರಸ್ಪರ ಮಾತನಾಡಬೇಕು, ಆ ಮಾತು ಗಂಡಸಿನ ಬಗ್ಗೆ ಇರಬಾರದು ಎಂಬ ಪ್ರಸಿದ್ಧ ಪರೀಕ್ಷೆ ಹುಟ್ಟಿದ್ದೂ ಆ ಸ್ಟ್ರಿಪ್‌ನ 1985ರ ಒಂದು ಕಂತಿನಲ್ಲಿ, ಇಬ್ಬರು ಗೆಳತಿಯರು ಬೀದಿಯಲ್ಲಿ ಮಾತನಾಡಿಕೊಂಡು ಹೋಗುವಾಗ.

ನಮ್ಮ ದೇಶದಲ್ಲಿ ಅಮೃತಾ ಪಾಟೀಲ್ 2008ರಲ್ಲಿ ಇಂಗ್ಲಿಷಿನಲ್ಲಿ ತಂದ ಚಿತ್ರಕಾದಂಬರಿಯ ನಾಯಕಿಯೂ ಹೆಣ್ಣನ್ನು ಪ್ರೀತಿಸುವವಳು. ಬಹುಪಾಲು ಕಪ್ಪುಬಿಳುಪು, ನಡುವೆ ಅಲ್ಲಲ್ಲಿ ಬಣ್ಣ ಚಿಮ್ಮುತ್ತದೆ. ಆದರೆ ಅವಳು ಮಹಾನಗರದ ಒಂಟಿ. ನಿಮ್ಮವರು ಒಂಟಿಯಲ್ಲ, ನಿಮ್ಮ ಪುಸ್ತಕದ ಹೊಸತನ ಅಲ್ಲಿದೆ. ಬಿಡಬೇಡಿ.

ಮಹಿಳಾ ಬೋಗಿ, ತುಮಕೂರು

ಎರಡು ದಿನ ಉತ್ತರಿಸಲಿಲ್ಲ. ಎಲ್ಲರ ಮಾತನ್ನೂ ರೈಲಿನಲ್ಲಿ ಓದಿದೆ, ಹಿರೇಹಳ್ಳಿ ದಾಟುವಷ್ಟರಲ್ಲಿ ಕಣ್ಣು ತುಂಬಿ ಮೊಬೈಲ್ ಒಳಗಿಟ್ಟೆ.

ಪದದ ಪ್ರಶ್ನೆಗೆ ಉತ್ತರ ನಿಮ್ಮ ಬರಹಗಳಲ್ಲೇ ಸಿಕ್ಕಿತು. ಕೋಲಾರದ ಟೀಚರ್ ‘ನನ್ನ ಗೆಳತಿ’ ಎಂದರು, ತಿಪಟೂರಿನ ಅಮ್ಮ ಮಗಳ ‘ಗೆಳತಿ’ ಎಂದರು. ಜೊತೆಗೆ ಶಾಲೆಗೆ ಹೋದವಳೂ ಗೆಳತಿ, ಭಾವಗೀತೆಯಲ್ಲಿ ಕವಿ ಹಂಬಲಿಸುವವಳೂ ಗೆಳತಿ. ಕೈ ಹಿಡಿದ ಹಾಗೆಯೇ ಈ ಪದದೊಳಗೂ ಎರಡೂ ಸೇರಿಕೊಂಡಿವೆ. ನಾನು ಅದಕ್ಕೆ ಬದಲು ಬೇರೊಂದನ್ನು ಹುಡುಕುತ್ತಾ ಕಾಲ ಕಳೆದೆ. ನಗ್ಮಾ ತನ್ನನ್ನು ಲೆಸ್ಬಿಯನ್ ಎನ್ನುತ್ತಾಳೆ, ಆಸ್ಪತ್ರೆಯಲ್ಲಿ ಓದಿ ತಿಳಿದವಳು. ಗಿರಿಜಾ ‘ನಮ್ಮಂಥವರು’ ಎನ್ನುತ್ತಾಳೆ. ನಾಲ್ವರ ನಡುವೆ ಗೆಳತಿ.

ಕತೆಯ ವರ್ಷ 2024 ಎಂದು ನಿರ್ಧರಿಸಿದೆ. ವಕೀಲರಿಗೆ ಕೃತಜ್ಞತೆ.

ತಿಪಟೂರಿನ ಅಮ್ಮ, ನಿಮ್ಮ ಮೊದಲ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಯಾರೂ ನೋಡದ ಆ ನೆರಳಿನಲ್ಲೇ ನಾನೂ ಬೆಳೆದೆ. ಹದಿನೇಳನೇ ವಯಸ್ಸಿನಲ್ಲಿ ಭೂಮಿಯ ಮೇಲೆ ಇಂಥವಳು ನಾನೊಬ್ಬಳೇ ಎಂದುಕೊಂಡು ಅದೇ ಅಮಾನಿಕೆರೆಯ ಏರಿಯ ಮೇಲೆ ಹೊತ್ತು ಮುಳುಗುವವರೆಗೆ ನಿಂತಿದ್ದೆ. ಆ ಹುಡುಗಿಯ ಕೈಗೆ ಈ ಪುಸ್ತಕ ಸಿಗಬೇಕು ಎಂಬುದೊಂದೇ ನನ್ನ ಆಸೆ. ಆದರೆ ಮುಖಗಳ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಇರುವ ಯಾರ ಮುಖವನ್ನೂ ನೋಡಿ ಬಿಡಿಸಿಲ್ಲ, ಬಿಡಿಸುವುದಿಲ್ಲ. ಮಾದರಿ ಪುಟದಲ್ಲಿ ಕಾಣುವ ರೈಲಿನ ಸಂಖ್ಯೆಯನ್ನೂ ಅಳಿಸುತ್ತೇನೆ.

ಎರಡನೆಯ ಮಾತಿಗೆ ತಲೆಬಾಗುತ್ತೇನೆ. 62 ಪುಟಗಳನ್ನು ಮತ್ತೆ ತಿರುವಿದೆ. ಒಬ್ಬ ತಾಯಿಯೂ ಇಲ್ಲ. ಒಂದು ಕಡೆ ಅಡುಗೆಮನೆಯಿಂದ ದನಿ ಬರುತ್ತದೆ, ಮುಖವಿಲ್ಲ.

ಕೊಬ್ಬರಿ ಸಂತೆ, ತಿಪಟೂರು

ನನ್ನ ಮಾತಿಗೆ ಕೋಪಿಸಿಕೊಳ್ಳದೆ ಬರೆದಿರಿ. ಮಗಳಿಗೂ ಓದಿ ಹೇಳಿದೆ.

ಒಂದು ವಿಷಯ ಹೇಳುತ್ತೇನೆ, ಉಪಯೋಗವಾದರೆ ಬಳಸಿಕೊಳ್ಳಿ. ನನಗೆ ವಿಷಯ ಗೊತ್ತಾಗುವ ಮುಂಚೆ ಮಗಳ ಗೆಳತಿಯೊಬ್ಬಳು ನಮ್ಮ ಮನೆಗೆ ಬಂದುಹೋಗುತ್ತಿದ್ದಳು. ಹಾಸ್ಟೆಲ್ ಊಟ ಸೇರುವುದಿಲ್ಲ ಎಂದು ನಾನು ದಿನವೂ ಎರಡು ಡಬ್ಬಿ ಕಟ್ಟುತ್ತಿದ್ದೆ, ಒಂದು ಇವಳಿಗೆ, ಒಂದು ಅವಳಿಗೆ. ಅವಳಿಗೆ ಖಾರ ಕಡಿಮೆ. ಒಂದು ವಾರ ಎರಡನೇ ಡಬ್ಬಿ ಮುಟ್ಟದೆ ಹಾಗೆಯೇ ವಾಪಸ್ ಬಂತು. ಕೇಳಿದರೆ ರಜೆ ಎಂದಳು. ನಾನು ಮತ್ತೆ ಕಟ್ಟಿದೆ. ಇಬ್ಬರ ನಡುವೆ ಮುಗಿದುಹೋಗಿದೆ ಎಂದು ನನಗೆ ಯಾರು ಹೇಳಬೇಕು? ಅವಳ ಜೊತೆ ಕುಳಿತು ಅಳಲು ಮನೆಯಲ್ಲಿ ಒಬ್ಬರೂ ಇರಲಿಲ್ಲ. ನಾನು ಇದ್ದೆ, ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

ಗೂಡಿನ ಸಂತೆ, ಶಿಡ್ಲಘಟ್ಟ

ಅಮ್ಮ, 63ನೇ ಪುಟ ಇದೇ.

ಮಹಿಳಾ ಬೋಗಿ, ತುಮಕೂರು

ಹೌದು, ಇದೇ. ರಾತ್ರಿ ಒಂದು ಗಂಟೆಯವರೆಗೆ ಕರಡು ಹಾಕಿದೆ. ಆರು ಚೌಕ. ಮೊದಲ ಮೂರರಲ್ಲಿ ಪವಿತ್ರಾಳ ತಾಯಿ, ಈ ಸಲ ಮುಖ ಕಾಣುವಂತೆ, ಬೆಳಗಿನ ಕತ್ತಲಲ್ಲಿ ಎರಡು ಡಬ್ಬಿ ತುಂಬುತ್ತಾಳೆ. ನಾಲ್ಕನೆಯದರಲ್ಲಿ ಪವಿತ್ರಾ ಬಾಗಿಲಲ್ಲಿ ನಿಂತು ಎರಡನ್ನೂ ನೋಡುತ್ತಾಳೆ, ಹೇಳಬೇಕೆಂದು ಬಾಯಿ ತೆರೆದವಳು ಎರಡನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಐದನೆಯದು ಬೋಗಿ, ನಾಲ್ವರೂ ಕುಳಿತಿದ್ದಾರೆ. ಆರನೆಯದರಲ್ಲಿ ಕೈಗಳು ಮಾತ್ರ: ಪವಿತ್ರಾಳ ಕೈ ಡಬ್ಬಿಯನ್ನು ನಗ್ಮಾಳ ಮಡಿಲಲ್ಲಿ ಇಡುತ್ತಿದೆ, ನಗ್ಮಾಳ ಕೈ ಅದನ್ನು ಹಿಡಿದಿದೆ. ಯಾರೂ ಇನ್ನೂ ಕೈ ಬಿಟ್ಟಿಲ್ಲ.

ಬೋರ್ಡು ಬರೆಯುವ ಅಣ್ಣನವರೇ, ಐದನೇ ಚೌಕದಲ್ಲಿ ಗಿರಿಜಾಳಿಗೆ ಒಂದು ಮಾತು ಇಟ್ಟಿದ್ದೆ. ಬೇಕೇ?

ಚಪ್ಪಟೆ ಬ್ರಷ್, ಚಿಕ್ಕಬಳ್ಳಾಪುರ

ಬೇಡ ತಾಯಿ. ಈ ಪುಟದಲ್ಲಿ ನನಗೆ ಕೆಲಸವಿಲ್ಲ. 64ರಿಂದ ಕಳಿಸಿ, ಅಕ್ಷರ ನಾನು ಬರೆದುಕೊಡುತ್ತೇನೆ.